ಹುಡುಗನಿಗೆ ಎರಡು ವರ್ಷ, ಹಿರಿಯನಿಗೆ ಜೀವಮಾನ

ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ 2025ರ ಸೆಪ್ಟೆಂಬರ್ 27ರ ಶನಿವಾರ ರಾತ್ರಿ 101 ವರ್ಷದ ವೃದ್ಧರೊಬ್ಬರು ತೀರಿಕೊಂಡರು. ಆ ಸುದ್ದಿಯಿಂದ ನಮ್ಮ ಸಿ.ವಿ. ರಾಮನ್ ನಗರದ ಒಂದು ಮನೆಯಲ್ಲಿ ಎರಡು ವಾರ ಯಾರಿಗೂ ಸರಿಯಾಗಿ ನಿದ್ದೆ ಹತ್ತಲಿಲ್ಲವೆಂದರೆ ಓದುಗರು ಅಚ್ಚರಿಪಡಬಹುದು. ತೀರಿಕೊಂಡವರು ರಸೆಲ್ ಎಂ. ನೆಲ್ಸನ್, ಮಾರ್ಮನ್ನರೆಂದು ಲೋಕ ಕರೆಯುವ ಕ್ರೈಸ್ತ ಪಂಗಡದ ಅಧ್ಯಕ್ಷರು. ನಿದ್ದೆಗೆಟ್ಟವಳು ನನ್ನ ಹಳೆಯ ವಿದ್ಯಾರ್ಥಿನಿ. ಅವಳ ಒಬ್ಬನೇ ಮಗ ಆ ಪಂಗಡದ ಧರ್ಮಪ್ರಚಾರಕನಾಗಿ ಇಂಗ್ಲೆಂಡಿನಲ್ಲಿದ್ದ. ಅವನ ಎರಡು ವರ್ಷದ ಅವಧಿ ಮುಗಿಯಲು ಆಗ ಹತ್ತು ವಾರ ಉಳಿದಿತ್ತು.

ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ, ಅವಳ ತರಗತಿಯವರು ಊಹಿಸಿಕೊಂಡರೆ ಮನಸ್ಸಿನಲ್ಲೇ ಇಟ್ಟುಕೊಳ್ಳಿ. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಪ್ರಾರ್ಥನೆಗೆ ಇಂಗ್ಲಿಷು, ಹೀಗೆ ಹಲಸೂರಿನ ಕಡೆಯ ಅನೇಕ ಮಕ್ಕಳಂತೆ ಬೆಳೆದವಳು. ಮದುವೆಯಾದ ಮೇಲೆ ಗಂಡನೊಡನೆ ಆ ಪಂಗಡ ಸೇರಿದಳು. ಬೆಂಗಳೂರನ್ನು ಕೇಂದ್ರವಾಗಿಸಿಕೊಂಡು ಅವರು ಒಂದು ಪ್ರಾಂತವನ್ನು ಸ್ಥಾಪಿಸಿದ್ದು 1993ರಲ್ಲಿ. ಇವರ ಸೇರ್ಪಡೆ ಅದಾದ ಕೆಲವು ವರ್ಷಗಳ ಮೇಲಿನದು. ಅವಳ ಮನೆಗೆ ಹೋದರೆ ಕಾಫಿ ಸಿಗುವುದಿಲ್ಲ, ಟೀ ಕೂಡ ಸಿಗುವುದಿಲ್ಲ. ಎರಡೂ ಅವರಿಗೆ ನಿಷಿದ್ಧ. ನಿಂಬೆಹಣ್ಣಿನ ಪಾನಕ ಮಾತ್ರ ತಪ್ಪದೆ ಬರುತ್ತದೆ.

ಮಾರ್ಮನ್ ಎಂಬುದು ಅಡ್ಡಹೆಸರು. ಅವರು ತಮ್ಮನ್ನು 'ಅಂತಿಮ ದಿನಗಳ ಸಂತರ ಯೇಸು ಕ್ರಿಸ್ತನ ಸಭೆ'ಯವರೆಂದು ಕರೆದುಕೊಳ್ಳುತ್ತಾರೆ. ಅಡ್ಡಹೆಸರನ್ನು ಕೈಬಿಡಬೇಕೆಂದು ನೆಲ್ಸನ್ನರೇ 2018ರಲ್ಲಿ ಕೇಳಿಕೊಂಡಿದ್ದರು. ನಮ್ಮವರಿಗೆ ಪರಿಚಯವಿರುವುದು ಅದೊಂದೇ ಆದುದರಿಂದ ನಾನು ಅದನ್ನೇ ಬಳಸುತ್ತೇನೆ. ಈ ಪಂಗಡದ ಯುವಕರು 18 ತುಂಬಿದ ಮೇಲೆ ಎರಡು ವರ್ಷ ಧರ್ಮಪ್ರಚಾರಕ್ಕೆ ಹೋಗುತ್ತಾರೆ. ಯುವತಿಯರಿಗೆ ಅವಧಿ ಹದಿನೆಂಟು ತಿಂಗಳು. ಒಟ್ಟು 70 ಸಾವಿರಕ್ಕೂ ಹೆಚ್ಚು ಮಂದಿ ಹೀಗೆ ಲೋಕದ ನಾನಾ ಕಡೆ ಇದ್ದಾರೆ. ಸಂಬಳವಿಲ್ಲ. ಅಮೆರಿಕದಂಥ ದೇಶಗಳ ಕುಟುಂಬಗಳು ತಿಂಗಳಿಗೆ ತಾವೇ ಹಣ ಕಟ್ಟುತ್ತವೆ. 400 ಡಾಲರ್ ಇದ್ದುದು 2020ರ ಜುಲೈನಿಂದ 500 ಆಯಿತು. ಬಡದೇಶದ ಹುಡುಗರಿಗೆ ಸಭೆಯೇ ನೆರವಾಗುತ್ತದೆ. ಯಾವ ಊರೆಂಬುದನ್ನು ಹುಡುಗ ಆರಿಸುವಂತಿಲ್ಲ, ಕಾಗದದಲ್ಲಿ ಬಂದ ಊರಿಗೆ ಹೋಗಬೇಕು. ಸದಾ ಇಬ್ಬರು ಜೊತೆಯಾಗಿರಬೇಕು, ಒಬ್ಬನೇ ಎಲ್ಲಿಗೂ ಹೋಗುವಂತಿಲ್ಲ. ಸಿನಿಮಾ ಇಲ್ಲ, ಹುಡುಗಿಯರ ಸಹವಾಸವಿಲ್ಲ. ಬಿಳಿಯ ಅಂಗಿ, ಎದೆಯ ಮೇಲೆ ಕಪ್ಪು ಬ್ಯಾಡ್ಜ್. ಅದರ ಮೇಲೆ 'ಎಲ್ಡರ್' ಎಂಬ ಬಿರುದು. ಮೀಸೆ ಸರಿಯಾಗಿ ಮೂಡದ ಹುಡುಗನನ್ನು 'ಹಿರಿಯ' ಎಂದು ಕರೆಯುವುದನ್ನು ಕಂಡು ನನಗೆ ಮೊದಲು ನಗು ಬಂದಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನಿಂದ ಹುಡುಗರು ಹಡಗು ಹತ್ತಿ ನಮ್ಮ ದಂಡು ಪ್ರದೇಶಕ್ಕೆ ಬಂದು ಸುವಾರ್ತೆ ಸಾರುತ್ತಿದ್ದರು. ಮಾರ್ಮನ್ನರು ಸಮುದ್ರದಾಚೆ ಮೊದಲು ಪ್ರಚಾರ ಆರಂಭಿಸಿದ್ದೂ ಇಂಗ್ಲೆಂಡಿನ ಪ್ರೆಸ್ಟನ್ ಎಂಬ ಊರಿನಲ್ಲೇ, 1837ರಲ್ಲಿ. ಈಗ ಕಗ್ಗದಾಸಪುರದ ಮುಖ್ಯರಸ್ತೆಯಲ್ಲಿ ಕ್ರಿಕೆಟ್ ಆಡಿಕೊಂಡಿದ್ದ ಹುಡುಗ ಅದೇ ಇಂಗ್ಲೆಂಡಿಗೆ ಹೋಗಿ ಬೆಳ್ಳಗಿನ ಅಜ್ಜಿಯರ ಬಾಗಿಲು ತಟ್ಟಿ ಕ್ರಿಸ್ತನ ವಿಷಯ ಹೇಳುತ್ತಾನೆ. ಚರಿತ್ರೆ ಪಾಠ ಮಾಡಿದವನಿಗೆ ಇದಕ್ಕಿಂತ ಸ್ವಾರಸ್ಯದ ಸಂಗತಿ ಬೇಕೆ?

ಆ ಭಾನುವಾರಕ್ಕೆ ಬರುತ್ತೇನೆ. ಸಾಲ್ಟ್ ಲೇಕಿನಲ್ಲಿ ಶನಿವಾರ ರಾತ್ರಿ ಸಂಭವಿಸಿದ ಸಾವಿನ ಸುದ್ದಿ ನಮಗೆ ಭಾನುವಾರ ಬೆಳಗಿನ ಹೊತ್ತಿಗೆ ತಲುಪಿತು. ಅದೇ ಸೆಪ್ಟೆಂಬರ್ 28ರಂದು ಅಮೆರಿಕದ ಮಿಷಿಗನ್ ರಾಜ್ಯದ ಗ್ರ್ಯಾಂಡ್ ಬ್ಲಾಂಕ್ ಎಂಬಲ್ಲಿ ಭಾನುವಾರದ ಆರಾಧನೆ ನಡೆಯುತ್ತಿದ್ದಾಗ ಒಬ್ಬಾತ ಟ್ರಕ್ಕನ್ನು ಮಾರ್ಮನ್ ಪ್ರಾರ್ಥನಾಲಯಕ್ಕೆ ನುಗ್ಗಿಸಿ, ಗುಂಡು ಹಾರಿಸಿ, ಕಟ್ಟಡಕ್ಕೆ ಬೆಂಕಿ ಇಟ್ಟ. ನಾಲ್ವರು ಸತ್ತರು, ಅವನೂ ಪೊಲೀಸರ ಗುಂಡಿಗೆ ಬಲಿಯಾದ. ಕೊಂದವನ ಹೆಂಡತಿಗೂ ಮಗುವಿಗೂ ನೆರವಾಗಲೆಂದು ಕೆಲವೇ ದಿನಗಳಲ್ಲಿ ಹಣ ಸಂಗ್ರಹಿಸಿದವನು ಅದೇ ಪಂಗಡದ ಒಬ್ಬ ಸದಸ್ಯ, ಕೊಟ್ಟವರಲ್ಲಿ ಬಹಳ ಮಂದಿ ಅದೇ ಪಂಗಡದವರು. ಇದನ್ನು ಓದಿದ ದಿನ ನಾನು ಬೇರೇನನ್ನೂ ಓದಲಿಲ್ಲ.

ಭಾನುವಾರ ರಾತ್ರಿ ಆಕೆ ದೂರವಾಣಿ ಮಾಡಿದಳು. "ಸಾರ್, ಅಧ್ಯಕ್ಷರೇ ಇಲ್ಲ ಅಂದಮೇಲೆ ನನ್ನ ಮಗನನ್ನು ಯಾರು ವಾಪಸ್ ಕಳಿಸುತ್ತಾರೆ? ಕಾಗದಕ್ಕೆ ರುಜು ಹಾಕಿದ್ದವರು ಅವರೇ." ತಾಯಿಯ ಪ್ರಶ್ನೆ, ಇದರಲ್ಲಿ ನಗುವುದಕ್ಕೇನೂ ಇಲ್ಲ. ಹುಡುಗ ಇದ್ದ ಪ್ರಾಂತದ ಮುಖ್ಯಸ್ಥರೂ ಅದೇ ಜುಲೈನಲ್ಲಿ ಬದಲಾಗಿದ್ದರು. ಹೊಸಬರಿಗೆ ಇವನ ಪರಿಚಯ ಮೂರು ತಿಂಗಳದ್ದು. ಮೇಲೆಯೂ ಹೊಸಬರು, ಕೆಳಗೆಯೂ ಹೊಸಬರು, ನಡುವೆ ನನ್ನ ಮಗ ಎಂಬುದು ಅವಳ ಅಳಲು. "ನಿಮ್ಮವರ ವ್ಯವಸ್ಥೆ ಹೇಗಿದೆ ನೋಡಿ ಹೇಳುತ್ತೇನೆ, ಮಲಗಮ್ಮಾ" ಎಂದೆ. ಆಮೇಲೆ ಒಂದು ವಾರ ಅದನ್ನೇ ಓದಿದೆ. ನಿವೃತ್ತನಿಗೆ ಬೇರೆ ಕೆಲಸವೇನಿದೆ?

ಈ ಪಂಗಡದ ಸ್ಥಾಪಕ ಜೋಸೆಫ್ ಸ್ಮಿತ್‌ನನ್ನು 1844ರ ಜೂನ್ 27ರಂದು ಕಾರ್ಥೇಜ್ ಊರಿನ ಸೆರೆಮನೆಯಲ್ಲಿ ಗುಂಪೊಂದು ನುಗ್ಗಿ ಕೊಂದಿತು. ಉತ್ತರಾಧಿಕಾರಿ ಯಾರೆಂದು ಬರೆದಿಟ್ಟಿರಲಿಲ್ಲ. ಜಗಳವಾಯಿತು, ಪಂಗಡ ಒಡೆಯಿತು. ಬಹುಪಾಲು ಜನ ಬ್ರಿಗಮ್ ಯಂಗ್‌ನ ಹಿಂದೆ ಹೊರಟು ಯೂಟಾದ ಮರುಭೂಮಿಯಲ್ಲಿ ನೆಲೆನಿಂತರು. ಆ ಪೆಟ್ಟಿನಿಂದ ಅವರು ಕಲಿತ ಪಾಠವೇ ಸೇವಾ ಹಿರಿತನದ ಪದ್ಧತಿ. ಅಧ್ಯಕ್ಷರು ತೀರಿಕೊಂಡ ಕ್ಷಣಕ್ಕೆ ಅವರ ಆಡಳಿತ ಮಂಡಲಿ ತಾನಾಗಿ ವಿಸರ್ಜನೆಯಾಗುತ್ತದೆ. ಹನ್ನೆರಡು ಮಂದಿ ಅಪೊಸ್ತಲರ ಕೂಟವು ಅಧಿಕಾರ ವಹಿಸಿಕೊಳ್ಳುತ್ತದೆ. ಅಪೊಸ್ತಲರಲ್ಲಿ ಯಾರು ಮೊದಲು ನೇಮಕಗೊಂಡಿದ್ದರೋ ಅವರೇ ಮುಂದಿನ ಅಧ್ಯಕ್ಷರು. ಮತ ಕೇಳುವಂತಿಲ್ಲ, ಗುಂಪು ಕಟ್ಟುವಂತಿಲ್ಲ. ನಮ್ಮ ಸರ್ಕಾರಿ ಶಾಲೆಗಳ ಜ್ಯೇಷ್ಠತಾ ಪಟ್ಟಿಯೇ. ಅದಕ್ಕಾಗಿ ಕೋರ್ಟಿಗೆ ಹೋಗುವವರಿಲ್ಲವೆಂಬುದಷ್ಟೇ ವ್ಯತ್ಯಾಸ. ನೆಲ್ಸನ್ನರ ನಂತರ 2025ರ ಅಕ್ಟೋಬರ್ 14ರಂದು ಡ್ಯಾಲಿನ್ ಎಚ್. ಓಕ್ಸ್ ಅಧ್ಯಕ್ಷರಾದರು. ನಡುವಿನ ಹದಿನೇಳು ದಿನ ಅಧ್ಯಕ್ಷರೇ ಇರಲಿಲ್ಲ. ಅಕ್ಟೋಬರ್ 4 ಮತ್ತು 5ರಂದು ಅವರ ಅರ್ಧವಾರ್ಷಿಕ ಮಹಾಸಮ್ಮೇಳನ ನಿಗದಿಯಾಗಿತ್ತು, ಅಧ್ಯಕ್ಷರಿಲ್ಲದೆಯೇ ನಡೆಯಿತು. ಒಬ್ಬ ಹುಡುಗನ ವಿಮಾನದ ಟಿಕೆಟ್ಟೂ ರದ್ದಾಗಲಿಲ್ಲ.

ಈ ಓಕ್ಸ್ ನಮಗೆ ತೀರ ಅಪರಿಚಿತರಲ್ಲ. ಭಾರತದಲ್ಲಿ ಅವರ ಮೊದಲ 'ಸ್ಟೇಕ್', ಅಂದರೆ ಹಲವು ಸಭೆಗಳನ್ನು ಕೂಡಿಸಿದ ಘಟಕ, 2012ರ ಮೇ ತಿಂಗಳಲ್ಲಿ ಹೈದರಾಬಾದಿನಲ್ಲಿ ಆರಂಭವಾದಾಗ ಬಂದು ನಡೆಸಿಕೊಟ್ಟವರು ಇವರೇ. ಯೂಟಾ ರಾಜ್ಯದ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಯಾಗಿದ್ದವರು. ನೆಲ್ಸನ್ನರು ಹೃದಯದ ಶಸ್ತ್ರವೈದ್ಯರು. ಬೆಂಗಳೂರಿನಲ್ಲಿ ಅವರ ದೇವಾಲಯ ಕಟ್ಟುವುದಾಗಿ 2018ರ ಏಪ್ರಿಲ್ 1ರಂದು ಘೋಷಿಸಿ, ಅದೇ ತಿಂಗಳು ಈ ಊರಿಗೂ ಬಂದಿದ್ದರು. ದೇವಾಲಯಕ್ಕೆ 2020ರ ಡಿಸೆಂಬರ್ 2ರಂದು ಗುದ್ದಲಿ ಬಿತ್ತು. ನನ್ನ ಶಿಷ್ಯೆ 2018ರ ಸಭೆಗೆ ಮಗನನ್ನು ಕರೆದುಕೊಂಡು ಹೋಗಿ ದೂರದಿಂದ ಅವರನ್ನು ನೋಡಿದ್ದಳು. ಹುಡುಗನಿಗೆ ಆಗ ಹದಿನೈದು.

ವ್ಯವಸ್ಥೆಯನ್ನು ಹೊಗಳಿದ್ದಾಯಿತು. ಇನ್ನು ನನ್ನ ತಕರಾರನ್ನೂ ಹೇಳಬೇಕು. ಹುಡುಗನಿಗೆ ಎರಡು ವರ್ಷ. ಒಂದು ತಿಂಗಳು ಹೆಚ್ಚಿಲ್ಲ. ಪ್ರಾಂತದ ಮುಖ್ಯಸ್ಥರಿಗೆ ಮೂರು ವರ್ಷ. ಅವರಿಗಿಂತ ಮೇಲಿನ ಅಧಿಕಾರಿಗಳಲ್ಲಿ ಒಂದು ವರ್ಗಕ್ಕೆ ಎಪ್ಪತ್ತರ ಆಸುಪಾಸಿನಲ್ಲಿ ಗೌರವದ ನಿವೃತ್ತಿಯುಂಟು. ಅಪೊಸ್ತಲರಿಗೂ ಅಧ್ಯಕ್ಷರಿಗೂ ಮಾತ್ರ ಅವಧಿಯೆಂಬುದಿಲ್ಲ, ಸಾಯುವವರೆಗೂ ಅವರೇ. ನೆಲ್ಸನ್ನರು ಅಧ್ಯಕ್ಷರಾದಾಗ ಅವರಿಗೆ 93 ವರ್ಷ. ಓಕ್ಸ್ ಅಧ್ಯಕ್ಷರಾದಾಗಲೂ ಅವರಿಗೆ 93. ನೆಲ್ಸನ್ನರ ಹಿಂದಿನ ಥಾಮಸ್ ಎಸ್. ಮಾನ್ಸನ್ ಅನಾರೋಗ್ಯದಿಂದ 2017ರ ಅಕ್ಟೋಬರಿನ ಮಹಾಸಮ್ಮೇಳನಕ್ಕೆ ಬರಲಾಗದೆ, 2018ರ ಜನವರಿ 2ರಂದು ತೀರಿಕೊಂಡರು. ಅದಕ್ಕೂ ಮೊದಲು, 1994ರಲ್ಲಿ ತೀರಿಕೊಂಡ ಎಜ್ರಾ ಟಾಫ್ಟ್ ಬೆನ್ಸನ್ ಕೊನೆಯ ಕೆಲವು ವರ್ಷ ಸಭೆಯಲ್ಲಿ ಮಾತನಾಡುವ ಸ್ಥಿತಿಯಲ್ಲೇ ಇರಲಿಲ್ಲ. ಆದರೂ ಅಧ್ಯಕ್ಷರು ಅವರೇ. ಇದು ಆ ವೃದ್ಧರಿಗೆ ಮಾಡುವ ಗೌರವವೋ ಅವರ ಮೇಲೆ ಹೇರುವ ಹೊರೆಯೋ ಎಂಬುದನ್ನು ಆ ಪಂಗಡದವರೇ ಯೋಚಿಸಬೇಕು. ನನ್ನ ಮಟ್ಟಿಗೆ ಅದು ಹೊರೆ. ರೋಮಿನ ಪೋಪ್ ಹದಿನಾರನೆಯ ಬೆನೆಡಿಕ್ಟ್ 2013ರ ಫೆಬ್ರವರಿ 28ರಂದು ತಾವಾಗಿ ಪೀಠ ಬಿಟ್ಟಾಗ ಆರು ನೂರು ವರ್ಷಗಳಲ್ಲಿ ಯಾವ ಪೋಪರೂ ಹಾಗೆ ಮಾಡಿರಲಿಲ್ಲ. ಬಿಟ್ಟಿದ್ದರಿಂದ ಆಕಾಶ ಬೀಳಲಿಲ್ಲ.

ಮುದುಕರ ಸಂಸ್ಥೆಗಳು ತಡವಾಗಿ ತಿದ್ದಿಕೊಳ್ಳುತ್ತವೆ ಎಂಬುದಕ್ಕೆ ಇವರದೇ ಚರಿತ್ರೆ ಸಾಕ್ಷಿ. ಕಪ್ಪು ಜನಾಂಗದ ಪುರುಷರಿಗೆ ಪೌರೋಹಿತ್ಯ ಕೊಡಕೂಡದೆಂಬ ನಿಯಮ 1978ರ ಜೂನ್‌ವರೆಗೂ ಇತ್ತು. ಅಮೆರಿಕದ ನಾಗರಿಕ ಹಕ್ಕುಗಳ ಕಾನೂನು 1964ರಲ್ಲೇ ಬಂದಿತ್ತೆಂಬುದನ್ನು ನೆನೆಯಿರಿ. ಈ ಮಾತನ್ನು ನಾನು ಶಿಷ್ಯೆಗೂ ಹೇಳಿದೆ. "ಗೊತ್ತು ಸಾರ್. ನಿಮ್ಮ ಕಡೆ ಎಲ್ಲ ಬಾಗಿಲೂ ಯಾವಾಗ ತೆರೆದವು?" ಎಂದು ಕೇಳಿದಳು. ತರಗತಿಯಲ್ಲೂ ಹೀಗೆಯೇ ಎದುರು ಪ್ರಶ್ನೆ ಹಾಕುತ್ತಿದ್ದವಳು ಇವಳು.

ನಮ್ಮ ಕಡೆ ಎಂದಾಗ ನನಗೆ ಉಡುಪಿ ನೆನಪಿಗೆ ಬರುತ್ತದೆ. ಅಲ್ಲಿಯ ಎಂಟು ಮಠಗಳ ಯತಿಗಳು ಸರದಿಯಂತೆ ಕೃಷ್ಣನ ಪೂಜೆ ವಹಿಸಿಕೊಳ್ಳುವ ಪರ್ಯಾಯ ಪದ್ಧತಿ ಎಲ್ಲರಿಗೂ ಗೊತ್ತಿದೆ. ಮೊದಲು ಎರಡೆರಡು ತಿಂಗಳಿದ್ದ ಸರದಿಯನ್ನು ಎರಡೆರಡು ವರ್ಷಕ್ಕೆ ಬದಲಿಸಿದವರು ಹದಿನಾರನೆಯ ಶತಮಾನದಲ್ಲಿ ಸೋದೆ ಮಠದ ವಾದಿರಾಜರು. ಎರಡು ತಿಂಗಳಲ್ಲಿ ಕೆಲಸ ಕೈಗೆ ಹತ್ತುವಷ್ಟರಲ್ಲಿ ಬಿಡಬೇಕಾಗುತ್ತದೆ. ಎರಡು ವರ್ಷವೆಂದರೆ ಒಂದು ಕೆಲಸವನ್ನು ಆರಂಭಿಸಿ ಮುಗಿಸಬಹುದು, ಕುರ್ಚಿಗೆ ಅಂಟಿಕೊಳ್ಳುವಷ್ಟು ದೀರ್ಘವೂ ಅಲ್ಲ. ಸಮ ಸಂಖ್ಯೆಯ ವರ್ಷದ ಜನವರಿ 18ರ ಬೆಳಗಿನ ಜಾವ ಹಳಬರು ಅಕ್ಷಯಪಾತ್ರೆ, ಸಟ್ಟುಗ, ಕೀಲಿಕೈ ಒಪ್ಪಿಸಿ ಎದ್ದುಬಿಡಬೇಕು. 2026ರ ಜನವರಿ 18ರಂದು ಪುತ್ತಿಗೆ ಮಠದಿಂದ ಸರದಿ ಶೀರೂರು ಮಠಕ್ಕೆ ಬಂತು. ವಹಿಸಿಕೊಂಡ ವೇದವರ್ಧನ ತೀರ್ಥರು 2021ರಲ್ಲಿ ಹದಿನಾರನೆಯ ವಯಸ್ಸಿನಲ್ಲಿ ಸನ್ಯಾಸ ಸ್ವೀಕರಿಸಿದವರು. ಅಪ್ರಾಪ್ತ ವಯಸ್ಸಿನವರಿಗೆ ಸನ್ಯಾಸ ಕೊಡಬಹುದೇ ಎಂಬ ಪ್ರಶ್ನೆ ಹೈಕೋರ್ಟಿನವರೆಗೂ ಹೋಗಿ, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅರ್ಜಿ ವಜಾ ಆಯಿತು. ಹದಿಹರೆಯದವನ ಸಂಕಲ್ಪಕ್ಕೆ ಬೆಲೆಯುಂಟೇ ಎಂಬ ಪ್ರಶ್ನೆ ಹಾಗಾದರೆ ಮಾರ್ಮನ್ನರಿಗೆ ಮಾತ್ರ ಸೇರಿದ್ದಲ್ಲ. ಒಂದು ದೊಡ್ಡ ವ್ಯತ್ಯಾಸವಂತೂ ಇದೆ: ಪರ್ಯಾಯ ಮುಗಿದರೂ ಯತಿ ಯತಿಯೇ, ಮಾರ್ಮನ್ ಹುಡುಗ ಮನೆಗೆ ಮರಳಿ ಕೆಲಸ ಹುಡುಕಿ ಮದುವೆಯಾಗುತ್ತಾನೆ.

ನಾನು ಮೆಚ್ಚುವುದು ಆ ಅವಧಿಯನ್ನು. ಅವರ ಸಿದ್ಧಾಂತದಲ್ಲಿ ನನಗೆ ನಂಬಿಕೆಯಿಲ್ಲ. ಮತಾಂತರದ ಉದ್ದೇಶದಿಂದ ಇನ್ನೊಬ್ಬರ ಮನೆಯ ಬಾಗಿಲು ತಟ್ಟುವುದೂ ನನಗೆ ಹಿಡಿಸುವುದಿಲ್ಲ. ಬಾಗಿಲು ಬೆಂಗಳೂರಿನದಾದರೂ ಅಷ್ಟೆ, ಇಂಗ್ಲೆಂಡಿನದಾದರೂ ಅಷ್ಟೆ. ಆದರೆ ಇಂತಿಷ್ಟು ದಿನವೆಂದು ಆರಂಭದಲ್ಲೇ ಹೇಳಿ, ಆ ದಿನ ಬಂದಾಗ ತಡೆಯದೆ ಬಿಟ್ಟುಕಳಿಸುವುದು ದೊಡ್ಡ ಗುಣ. ನಮ್ಮ ನಿವಾಸಿಗಳ ಸಂಘ, ಕನ್ನಡ ಸಂಘ, ಖಾಸಗಿ ಶಾಲೆಯ ಆಡಳಿತ ಮಂಡಲಿ ಎಲ್ಲೆಡೆ ನೋಡಿದ್ದೇನೆ. ಹುರುಪಿನ ಹುಡುಗನೊಬ್ಬ ಸಿಕ್ಕಿದರೆ ಅವನನ್ನು ಹಿಂಡಿ ಹಿಪ್ಪೆ ಮಾಡುತ್ತಾರೆ, ಅವನು ಬೇಸತ್ತು ಹೇಳದೆ ಕೇಳದೆ ಮಾಯವಾಗುತ್ತಾನೆ. ಅಧ್ಯಕ್ಷರು ಮಾತ್ರ ಇಪ್ಪತ್ತು ವರ್ಷದಿಂದ ಅವರೇ. ಹುಡುಗನಿಗೆ ಬೀಳ್ಕೊಡುಗೆಯೂ ಇಲ್ಲ, ಅಧ್ಯಕ್ಷರಿಗೂ ಇಲ್ಲ. ನಾನು ಸೇವೆಯಲ್ಲಿದ್ದಾಗ ನಿವೃತ್ತಿಯ ವಯಸ್ಸು 58; ರಾಜ್ಯದಲ್ಲಿ 2008ರಲ್ಲಿ ಅದು 60 ಆಯಿತು. ಇನ್ನೂ ಎರಡು ವರ್ಷ ಸಿಕ್ಕಿದ್ದರೆ ಎಂದು ನನ್ನ ಜೊತೆಯ ಕೆಲವರು ಹಲುಬಿದರು. ನನಗೆ ಹಾಗೆ ಅನ್ನಿಸಲಿಲ್ಲ.

ಕೊನೆಯ ವಾರಗಳ ವಿಷಯ ಹೇಳುತ್ತೇನೆ, ಏಕೆಂದರೆ ಸೇವೆಯ ಸತ್ತ್ವ ತಿಳಿಯುವುದು ಅಲ್ಲಿ. ಮನಸ್ಸು ಆಗಲೇ ಮನೆ ಸೇರಿಬಿಟ್ಟ ಪ್ರಚಾರಕನಿಗೆ ಅವರಲ್ಲಿ 'ಟ್ರಂಕಿ' ಎಂಬ ಹಾಸ್ಯದ ಹೆಸರಿದೆ. ಅಂದರೆ ಟ್ರಂಕು ಕಟ್ಟಿಟ್ಟುಕೊಂಡು ಕಾಯುತ್ತಿರುವವನು. ಮಾರ್ಚ್ ತಿಂಗಳ ಹತ್ತನೆಯ ತರಗತಿಯನ್ನು ಕಂಡ ಯಾವ ಮೇಷ್ಟ್ರಿಗೂ ಈ ಪದ ಕೂಡಲೇ ಅರ್ಥವಾಗುತ್ತದೆ. ಸುಮಾರು ಆರು ವಾರಕ್ಕೊಮ್ಮೆ ಅವರಲ್ಲಿ ಜೊತೆಗಾರರ, ಊರುಗಳ ಬದಲಾವಣೆ ನಡೆಯುತ್ತದೆ. ನಮ್ಮ ಹುಡುಗನಿಗೆ ಕೊನೆಯ ಸರದಿಯಲ್ಲಿ ಜೊತೆಯಾದವನು ಆಗಷ್ಟೇ ಬಂದ ಎಳೆಯ ಹುಡುಗ, ರಾತ್ರಿ ಮನೆ ನೆನೆದು ಅಳುವವನು. ಒಬ್ಬನಿಗೆ ಮನೆಗೆ ಹೋಗುವ ಆತುರ, ಇನ್ನೊಬ್ಬನಿಗೆ ಮನೆ ಬಿಟ್ಟ ಸಂಕಟ. ಇಬ್ಬರಿಗೂ ಒಂದೇ ಕೋಣೆ.

ತಾಯಿಗೆ ಅವನು ಸೋಮವಾರ ಕರೆ ಮಾಡುತ್ತಿದ್ದ. ಇದೂ ಹೊಸ ಅನುಕೂಲ: 2019ರ ಫೆಬ್ರವರಿಯವರೆಗೆ ವರ್ಷಕ್ಕೆ ಎರಡೇ ಸಲ, ಕ್ರಿಸ್ಮಸ್ಸಿಗೆ ಮತ್ತು ತಾಯಂದಿರ ದಿನಕ್ಕೆ, ಮನೆಯವರೊಡನೆ ಮಾತಾಡಬಹುದಿತ್ತು, ಉಳಿದಂತೆ ಬರವಣಿಗೆ ಮಾತ್ರ. ಆ ತಿಂಗಳಿನಿಂದ ವಾರಕ್ಕೊಮ್ಮೆ ಮಾತಿಗೆ ಅನುಮತಿ ಬಂತು. ಅಧ್ಯಕ್ಷರು ತೀರಿಕೊಂಡ ವಾರ ಅವನು ಹೇಳಿದ್ದೇನೆಂದು ಕೇಳಿದೆ. "ಬುಧವಾರ ಒಬ್ಬ ತಾತನಿಗೆ ತರಕಾರಿ ತಂದುಕೊಡುತ್ತೇವೆ, ಮಮ್ಮಿ. ನಾನು ಹೋದಮೇಲೆ ಅದು ನಿಂತುಹೋಗಬಾರದು ಅಂತ ಬರೆದಿಟ್ಟಿದ್ದೇನೆ ಅಂದ ಸಾರ್. ಅಧ್ಯಕ್ಷರ ಬಗ್ಗೆ ಒಂದೆರಡು ಮಾತು ಅಷ್ಟೇ" ಎಂದಳು. ಮುಂದೆ ಬರುವವರಿಗಾಗಿ ಊರಿನ ಜನರ ವಿವರ ಬರೆದಿಡುವ 'ಏರಿಯಾ ಬುಕ್' ಎಂಬ ದಾಖಲೆ ಅವರಲ್ಲಿದೆ; ಈಗ ಅದು ಫೋನಿನೊಳಗೆ ಸೇರಿದೆ. ಯಾರ ಮನೆಗೆ ಎಂದು ಹೋಗಬೇಕು, ಯಾರು ಇನ್ನು ಬರಬೇಡಿ ಅಂದಿದ್ದಾರೆ, ಯಾರಿಗೆ ಕಾಯಿಲೆ, ಎಲ್ಲ ಅದರಲ್ಲಿ ಇರಬೇಕು.

ಇದನ್ನು ಕೇಳಿದಾಗ ನನಗೆ ನಮ್ಮ ಪ್ರಭಾರ ಪಟ್ಟಿ ನೆನಪಾಯಿತು. ವರ್ಗವಾಗಿ ಹೋಗುವ ಮುಖ್ಯೋಪಾಧ್ಯಾಯರು ಬರುವವರಿಗೆ ಒಪ್ಪಿಸಬೇಕಾದ ದಾಖಲಾತಿ ಪುಸ್ತಕ, ಹಾಜರಿ ಪುಸ್ತಕ, ನಗದು ಪುಸ್ತಕ, ಭೂಗೋಳ ಒಂದು, ಅದರಲ್ಲಿ ಆಫ್ರಿಕಾದ ಮೇಲೆ ಬಿರುಕು, ಬೆಂಚು ಇಷ್ಟು, ಕಾಲು ಮುರಿದದ್ದು ಇಷ್ಟು. ಎರಡು ಕಡೆಯೂ ರುಜು. ಆದರೆ ಏಳನೆಯ ತರಗತಿಯ ಯಾವ ಮಗು ಬೆಳಿಗ್ಗೆ ಹಸಿದು ಬರುತ್ತದೆ, ಯಾವ ಹುಡುಗನ ತಂದೆ ಕುಡಿದು ಗೇಟಿಗೆ ಬರುತ್ತಾನೆ ಎಂಬುದಕ್ಕೆ ಆ ಪಟ್ಟಿಯಲ್ಲಿ ಅಂಕಣವಿರಲಿಲ್ಲ. ಒಳ್ಳೆಯ ಮೇಷ್ಟ್ರು ಅದನ್ನು ಬಾಯಿಮಾತಿನಲ್ಲಿ ಹೇಳಿ ಹೋಗುತ್ತಿದ್ದರು. ಉಳಿದವರು ಬಸ್ಸು ಹತ್ತುತ್ತಿದ್ದರು.

ಹೀಗೆ ಮುಗಿಸುವ ಅವಕಾಶ ಎಲ್ಲರಿಗೂ ದೊರೆಯುವುದಿಲ್ಲ. 2020ರ ಮಾರ್ಚಿನಲ್ಲಿ ಕೊರೋನಾ ಹರಡಿದಾಗ ತಮ್ಮ ದೇಶದಾಚೆ ಸೇವೆಯಲ್ಲಿದ್ದ ಸಾವಿರಾರು ಮಾರ್ಮನ್ ಯುವಕರನ್ನು ಕೆಲವೇ ದಿನಗಳ ಅಂತರದಲ್ಲಿ ಊರಿಗೆ ಕರೆಸಿಕೊಂಡರು. ಬೀಳ್ಕೊಡುಗೆಯಿಲ್ಲ, ಒಪ್ಪಿಸುವ ಪುಸ್ತಕವಿಲ್ಲ. ಮನೆಗೆ ಬಂದವರು ಕೋಣೆಯ ಬಾಗಿಲು ಹಾಕಿಕೊಂಡು ಕುಳಿತರು. ಅದೇ ವರ್ಷ ಹತ್ತನೆಯ ತರಗತಿಯ ಮಕ್ಕಳಿಗೆ ವಿದಾಯ ಹೇಳಲಾಗದ ನಮ್ಮ ಉಪಾಧ್ಯಾಯರ ಕೊರಗನ್ನು ನಾನು ಕೇಳಿದ್ದೇನೆ.

ಎರಡು ವರ್ಷದ ಸೇವೆಗೂ ಒಂದು ಕೊರತೆಯಿದೆ. ಅದರಿಂದ ಹುಡುಗ ಬೆಳೆಯುತ್ತಾನೆ, ನಿಜ. ಅವನು ಹೋದ ಊರಿಗೆ ಏನು ದಕ್ಕುತ್ತದೆ? ಒಂದೇ ವರ್ಷ ದಕ್ಷಿಣ ಭಾರತಕ್ಕೆ ಬಂದ ಇಬ್ಬರನ್ನು ನೋಡಿ. 1853ರಲ್ಲಿ ಮಾರ್ಮನ್ ಪ್ರಚಾರಕ ರಿಚರ್ಡ್ ಬ್ಯಾಲಂಟೈನ್ ಮದರಾಸಿನಲ್ಲಿ ಬಂದಿಳಿದ, ಮರುವರ್ಷವೇ ಹಿಂತಿರುಗಿದ. ಅದೇ 1853ರಲ್ಲಿ ಬಾಸೆಲ್ ಮಿಷನ್ನಿನ 21 ವರ್ಷದ ಫರ್ಡಿನೆಂಡ್ ಕಿಟ್ಟೆಲ್ ಕನ್ನಡನಾಡಿಗೆ ಬಂದ. ಎಷ್ಟು ಜನರನ್ನು ಕಿಟ್ಟೆಲ್ ಕ್ರೈಸ್ತರನ್ನಾಗಿ ಮಾಡಿದನೆಂದು ಯಾರೂ ಕೇಳುವುದಿಲ್ಲ. 1894ರಲ್ಲಿ ಅಚ್ಚಾದ ಅವನ ನಿಘಂಟು ಇಂದಿಗೂ ನನ್ನ ಮೇಜಿನ ಮೇಲಿದೆ. ನಲವತ್ತು ವರ್ಷದ ಫಲ ಅದು. ಎರಡು ವರ್ಷಕ್ಕೆ ಬಂದುಹೋಗುವ ಹುಡುಗನಿಗೆ ಬೆಂಗಳೂರಿನಲ್ಲಿ ಕನ್ನಡ ಬೇಕಾಗುವುದೂ ಇಲ್ಲ. ನಮ್ಮ ಬಸ್ ನಿಲ್ದಾಣದ ಬಳಿ ಒಮ್ಮೆ ಅಂಥ ಇಬ್ಬರು ಸಿಕ್ಕಿದ್ದರು, ಆಂಧ್ರದವರು. ಎಷ್ಟು ತಿಂಗಳಾಯಿತೆಂದು ಕನ್ನಡದಲ್ಲಿ ಕೇಳಿದೆ. ಇಂಗ್ಲಿಷಿನಲ್ಲಿ "ಒಂಬತ್ತು" ಎಂದರು. ಆದರೆ ಕಿಟ್ಟೆಲ್‌ನಂತೆ ಎಲ್ಲ ಹುಡುಗರೂ ನಲವತ್ತು ವರ್ಷ ಕೊಡಲಿ ಎಂದು ಯಾವ ತಾಯಿಗೆ ಹೇಳಲು ಬಾಯಿ ಬಂದೀತು? ನನ್ನ ಶಿಷ್ಯೆಗೆ ಹೇಳಲು ನನಗಂತೂ ಬಾರದು.

ಹುಡುಗ 2025ರ ಡಿಸೆಂಬರ್ ಎರಡನೆಯ ವಾರ ಬಂದ. ವಿಮಾನದಲ್ಲಿಯೂ ಬ್ಯಾಡ್ಜ್ ತೆಗೆಯುವಂತಿಲ್ಲ; ಊರಿಗೆ ಬಂದು, ಇಲ್ಲಿಯ ಸ್ಟೇಕ್ ಮುಖ್ಯಸ್ಥರ ಮುಂದೆ ಕುಳಿತು, ಅವರು ನಿನ್ನ ಸೇವೆ ಮುಗಿಯಿತೆಂದು ಬಿಡುಗಡೆ ಮಾಡಿದ ಮೇಲೆಯೇ ತೆಗೆಯಬೇಕು. ಅಲ್ಲಿಯವರೆಗೆ ಅವನು ಎಲ್ಡರ್. ಆಮೇಲೆ ಬರಿಯ ಹೆಸರು. ಅದನ್ನು ತೆಗೆಯುವಾಗ ಅಳಬಾರದೆಂದು ನಿಶ್ಚಯಿಸಿಕೊಂಡು ಹೋಗಿದ್ದನಂತೆ. ಅತ್ತವನು ಅವನ ತಂದೆ. ಆ ಮೇಲಿನ ವಾರ ನಮ್ಮ ಮನೆಗೆ ಬಂದಿದ್ದ. ಅಧ್ಯಕ್ಷರು ಬದಲಾದಾಗ ನಿನಗೇನಾದರೂ ಬದಲಾಯಿತೇನಪ್ಪಾ ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಪ್ರಾರ್ಥನೆಯಲ್ಲಿ ಹೆಸರು ತಪ್ಪಿ ಹೇಳುತ್ತಿದ್ದೆವು ಸಾರ್, ಎರಡು ವಾರ" ಎಂದ.

ಈಗ ಅವನಿಗೆ ಎದುರಾಗಿರುವುದು ಸಾಲ್ಟ್ ಲೇಕಿನ ಪ್ರಶ್ನೆಯಲ್ಲ, ಬೆಂಗಳೂರಿನದು. ಬಿ.ಕಾಂ. ಮುಗಿಸಿ ಹೋಗಿದ್ದ, ವಯಸ್ಸು ಇಪ್ಪತ್ತಮೂರು. ಅರ್ಜಿ ಹಾಕಿದ ಮೊದಲ ಎರಡು ಕಡೆಯೂ ಸಂದರ್ಶನದಲ್ಲಿ ಕೇಳಿದ ಪ್ರಶ್ನೆ ಒಂದೇ: ಈ ಎರಡು ವರ್ಷದ 'ಗ್ಯಾಪ್' ಏಕೆ? ಒಂದು ಕಡೆ ಉತ್ತರ ಕೇಳಿದ ಮೇಲೆ ಮುಂದಿನ ಪ್ರಶ್ನೆಯನ್ನೇ ಕೇಳಲಿಲ್ಲವಂತೆ. ಅಪರಿಚಿತ ದೇಶದಲ್ಲಿ ದಿನಕ್ಕೆ ಇಪ್ಪತ್ತು ಸಲ ಬಾಗಿಲು ಮುಚ್ಚಿಸಿಕೊಂಡು ಇಪ್ಪತ್ತೊಂದನೆಯ ಬಾಗಿಲಿಗೆ ಹೋಗಿ ನಮಸ್ಕಾರ ಎನ್ನುವುದನ್ನು ಕಲಿತ ಹುಡುಗನ ಎರಡು ವರ್ಷವನ್ನು ಖಾಲಿ ಜಾಗವೆಂದು ಕರೆಯುವವರ ಲೆಕ್ಕ ನನಗೆ ಅರ್ಥವಾಗುವುದಿಲ್ಲ. ಪ್ರವೇಶ ಪರೀಕ್ಷೆಗೆಂದು ಮಗನನ್ನು ಎರಡು ವರ್ಷ ತರಬೇತಿ ಕೇಂದ್ರದ ಕೋಣೆಯಲ್ಲಿ ಕೂಡಿಹಾಕಿದರೆ ಅದು ಗ್ಯಾಪ್ ಅಲ್ಲ! ಬಡದೇಶಗಳಲ್ಲಿ ಸೇವೆ ಮುಗಿಸಿ ಬಂದವರ ಓದಿಗೆ ಸಾಲ ಕೊಡುವ ನಿಧಿಯೊಂದನ್ನು ಅವರ ಸಭೆ 2001ರಲ್ಲೇ ಆರಂಭಿಸಿದೆ; ಹಿಂತಿರುಗಿದ ಹುಡುಗನ ಪಾಡೇನೆಂಬ ಯೋಚನೆ ಅವರಿಗಾದರೂ ಬಂದಿತ್ತು. ಅವನು ಅದಕ್ಕೆ ಅರ್ಜಿ ಹಾಕಿಕೊಂಡು ಕಾಸ್ಟ್ ಅಕೌಂಟೆನ್ಸಿ ಓದುವ ಯೋಚನೆಯಲ್ಲಿದ್ದಾನೆ. ಆದರೆ ಮನೆ ನಡೆಯಲು ಈಗ ಕೆಲಸ ಬೇಕು.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಬಾಗ್ಮನೆ ಟೆಕ್ ಪಾರ್ಕಿನಲ್ಲಿ, ವೈಟ್‌ಫೀಲ್ಡಿನಲ್ಲಿ, ಇಂದಿರಾನಗರದ ಲೆಕ್ಕಪರಿಶೋಧಕರ ಕಚೇರಿಗಳಲ್ಲಿ ಹುಡುಗರನ್ನು ಆರಿಸುವ ಕುರ್ಚಿಯಲ್ಲಿ ಕುಳಿತವರು ಕೆಲವರಾದರೂ ಇದ್ದೀರಿ. ಹುಡುಗ ಪ್ರಥಮ ದರ್ಜೆ. ಟ್ಯಾಲಿ ಬಲ್ಲ. ಇಂಗ್ಲಿಷು, ತಮಿಳು, ಕನ್ನಡ ಮಾತಾಡುತ್ತಾನೆ. ಕನ್ನಡ ಓದಲೂ ಬರುತ್ತದೆ, ಕಾಗುಣಿತ ಅಷ್ಟಕ್ಕಷ್ಟೆ. ಭಾನುವಾರ ಕೆಲಸಕ್ಕೆ ಬರುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅವಕಾಶವಿದ್ದವರು ನನಗೆ ಎರಡು ಸಾಲು ಮಿಂಚಂಚೆ ಬರೆಯಿರಿ; ಅವನ ಅರ್ಜಿಯನ್ನು ನಾನೇ ಕಳುಹಿಸಿಕೊಡುತ್ತೇನೆ.